ಅಂಗಳದಲ್ಲಿ ಹಾಕಿದ ನಕಾಶೆ

"ಮಿಸ್, ನಮ್ಮೂರು ಕರ್ನಾಟಕದಲ್ಲಿ ಐತೋ, ಭಾರತದಲ್ಲಿ ಐತೋ?"

ಮೂರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಹೀಗೆ ಕೇಳಿದ. ಎರಡರಲ್ಲೂ ಇದೆ ಕಣೋ ಎಂದೆ. ಕುಳಿತುಕೊಂಡ, ಆದರೆ ನನ್ನ ಮಾತನ್ನು ನಂಬಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಪೇಟೆಗೆ ಹೋದ ಅಪ್ಪ ಅದೇ ಹೊತ್ತಿಗೆ ಹೊಲದಲ್ಲಿ ಇರುವುದಿಲ್ಲ. ಅಜ್ಜಿ ಮನೆಯಲ್ಲಿದ್ದ ದಿನ ನಾವು ನಮ್ಮ ಮನೆಯಲ್ಲಿ ಇರುವುದಿಲ್ಲ. ಎಂಟು ವರ್ಷದ ಬದುಕಿನಲ್ಲಿ ಅವನು ತಾನಾಗಿ ಕಂಡುಕೊಂಡ ಗಟ್ಟಿ ಸಂಗತಿ ಇದು. ಹಾಗಿರುವಾಗ ಒಂದು ಊರು ಎರಡು ಕಡೆ ಹೇಗೆ ಇದ್ದೀತು?

ಎಷ್ಟೋ ವರ್ಷದ ಮೇಲೆ ತರಬೇತಿಯೊಂದರಲ್ಲಿ ಜೀನ್ ಪಿಯಾಜೆ ಅವರ ಹೆಸರು ಕೇಳಿದೆ. ಸ್ವಿಟ್ಜರ್ಲೆಂಡಿನವರು. ಮಕ್ಕಳ ಎದುರು ಕೂತು, ಅವರನ್ನು ಮಾತಾಡಿಸಿ, ಅವರು ಹೇಗೆ ಯೋಚಿಸುತ್ತಾರೆಂದು ಜೀವಮಾನವೆಲ್ಲ ಬರೆದವರು. ಜಿನೀವಾ ಊರಿನ ಮಕ್ಕಳನ್ನು ಅವರು ಕೇಳಿದ್ದೂ ಇದೇ ಬಗೆಯ ಪ್ರಶ್ನೆ. ನೀನು ಜಿನೀವಾದವನೋ, ಸ್ವಿಟ್ಜರ್ಲೆಂಡಿನವನೋ? ಜಿನೀವಾ ಸ್ವಿಟ್ಜರ್ಲೆಂಡಿನಲ್ಲೇ ಇದೆ ಎಂದು ಬಾಯಲ್ಲಿ ಒಪ್ಪಿಸುವ ಮಕ್ಕಳು ಕೂಡ, ಬರೆದು ತೋರಿಸು ಎಂದಾಗ ಎರಡು ಸೊನ್ನೆಗಳನ್ನು ಅಕ್ಕಪಕ್ಕ ಬರೆದರು. ಒಂದರೊಳಗೆ ಇನ್ನೊಂದನ್ನು ಬರೆಯಲಿಲ್ಲ. 1951ರಷ್ಟು ಹಿಂದೆಯೇ ಇದು ಅಚ್ಚಾಗಿದೆ. ಅದನ್ನು ಓದಿದ ದಿನ ನನಗೆ ನಮ್ಮ ಹುಡುಗನ ಮುಖ ನೆನಪಾಯಿತು. ಕಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೋಂಡ ಜಗಿಯುತ್ತಾ ಮನೆಗೆ ಹೋಗುವ ಹುಡುಗನಿಗೂ, ಆಲ್ಪ್ಸ್ ಬೆಟ್ಟದ ಕೆಳಗಿನ ಮಗುವಿಗೂ ಎಡವುವ ಕಲ್ಲು ಒಂದೇ.

ಈ ಕಲ್ಲನ್ನು ಸರಿಸಲು ನನಗೆ ಒದಗಿದ್ದು ನಮ್ಮತ್ತೆಯ ಅಟ್ಟದ ಮೇಲಿದ್ದ ಅಳತೆಯ ಪಾತ್ರೆಗಳು. ಕೊಳಗ, ಸೇರು, ಅಚ್ಚೇರು, ಪಾವು, ಅರೆಪಾವು. ಈಗ ಯಾರೂ ಅದರಲ್ಲಿ ಅಳೆಯುವುದಿಲ್ಲ, ಆದರೆ ಎಸೆಯಲು ಯಾರಿಗೂ ಮನಸ್ಸು ಬಂದಿಲ್ಲ. ಚೀಲದಲ್ಲಿ ತುಂಬಿಕೊಂಡು ಶಾಲೆಗೆ ಒಯ್ದೆ. ಒಂದು ರಾಗಿ ಕಾಳು ತೆಗೆದು ಅರೆಪಾವಿನೊಳಗೆ ಹಾಕಿ, ಇದು ನೀನು, ಈ ಅರೆಪಾವು ನಮ್ಮೂರು ಎಂದೆ. ಊರನ್ನು ಎತ್ತಿ ಪಾವಿನೊಳಗೆ ಇಟ್ಟೆ, ಅದು ತಾಲ್ಲೂಕು. ಪಾವು ಅಚ್ಚೇರಿನೊಳಗೆ, ಅದು ಜಿಲ್ಲೆ. ಅಚ್ಚೇರು ಸೇರಿನೊಳಗೆ, ಸೇರು ಕೊಳಗದೊಳಗೆ. ಈಗ ಹೇಳು, ರಾಗಿ ಕಾಳು ಯಾವುದರಲ್ಲಿ ಇದೆ? ಅವನು ಬಗ್ಗಿ ಒಳಗೆ ನೋಡಿದ, ತಲೆ ಎತ್ತಿದ, ಮತ್ತೊಮ್ಮೆ ಬಗ್ಗಿ ನೋಡಿದ. "ಎಲ್ಲಾದ್ರಲ್ಲೂ ಐತೆ ಮಿಸ್!" ಎಂದು ಕೂಗಿದ. ಆ ವಾರವಿಡೀ ಮಕ್ಕಳು ಆ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ತೆಗೆದು ಆಡಿದರು. ಪರೀಕ್ಷೆಯಲ್ಲಿ ಒಬ್ಬಳು 'ನಮ್ಮ ಜಿಲ್ಲೆ ಅಚ್ಚೇರು' ಎಂದು ಬರೆದಳು. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟೆ, ಪಕ್ಕದಲ್ಲಿ ಚಿಕ್ಕಮಗಳೂರು ಎಂದು ಬರೆದುಕೊಟ್ಟೆ.

ಐದನೇ ತರಗತಿಯವರೆಗೆ ನಮ್ಮ ಶಾಲೆಗಳಲ್ಲಿ ಭೂಗೋಳ ಅಂತ ಬೇರೆ ಪುಸ್ತಕವಿಲ್ಲ. ಪರಿಸರ ಅಧ್ಯಯನದೊಳಗೆ ಬಾವಿ, ಕೆರೆ, ಅಂಚೆ ಕಚೇರಿ, ಹಬ್ಬ, ಊಟದ ಜೊತೆಗೆ ಅದೂ ಬೆರೆತು ಬರುತ್ತದೆ. ಇದು ಒಳ್ಳೆಯದೇ ಎಂಬುದು ನನ್ನ ಅನಿಸಿಕೆ. ಭೂಗೋಳ ಎಂದು ಹೆಸರಿಟ್ಟ ಕೂಡಲೇ ಅದರ ಬೆನ್ನಿಗೆ ಅಕ್ಷಾಂಶ, ರೇಖಾಂಶ, ಪ್ರಸ್ಥಭೂಮಿ, ಪರ್ಯಾಯ ದ್ವೀಪ ಎಲ್ಲ ಸಾಲುಗಟ್ಟಿ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಆ ಪದಗಳು ಬೇಕು, ಆದರೆ ಮಗು ಮನೆಯಿಂದ ತಂದ ಪದಗಳು ಒಳಗೆ ಬಂದು ಕೂತ ಮೇಲೆ ಬರಲಿ.

ದಿಕ್ಕುಗಳನ್ನೇ ತಗೊಳ್ಳಿ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಕೈ ಚಾಚಿಸಿ ವರ್ಷಗಟ್ಟಲೆ ಕಲಿಸಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಸರಿಯಾಗಿ ತೋರಿಸುವ ಮಕ್ಕಳು ತರಗತಿಯ ಒಳಗೆ ಬಂದು ಕೂತರೆ ತಪ್ಪುತ್ತಿದ್ದರು. ಒಂದು ಸಲ ಊಟದ ಹೊತ್ತಿನಲ್ಲಿ ಹುಡುಗರು ಜಗಳವಾಡುತ್ತಿದ್ದುದು ಕಿವಿಗೆ ಬಿತ್ತು. ಒಬ್ಬನ ಎಮ್ಮೆ ಇನ್ನೊಬ್ಬನ ಹೊಲ ಮೇಯ್ದಿತ್ತು. "ಮೂಡ್ಲ ಬದಿನ ತಾವ ನಮ್ದು, ಬಡಗ್ಲು ಕಡೆ ಹುಣಸೆಮರದಿಂದಾಚೆ ನಿಮ್ದು" ಎಂದು ಒಬ್ಬ ಕೂಗುತ್ತಿದ್ದ. ಅರ್ಧ ಗಂಟೆ ಹಿಂದೆ ಕರಿಹಲಗೆಯ ಮುಂದೆ ಉತ್ತರ ಯಾವುದು ಎಂದು ತಡವರಿಸಿದ್ದವನೂ ಅವನೇ. ಅವನಿಗೆ ದಿಕ್ಕು ಚೆನ್ನಾಗಿ ಗೊತ್ತಿತ್ತು. ನಾನು ಕೇಳಿದ ಪದ ಮಾತ್ರ ಗೊತ್ತಿರಲಿಲ್ಲ.

ಮೂಡು ಎಂದರೆ ಹುಟ್ಟು, ಮೇಲೇಳು. ಸೂರ್ಯ ಮೂಡುವ ಕಡೆ ಮೂಡಣ. ಪಡು ಎಂದರೆ ಬೀಳು, ಮುಳುಗು. ಅವನು ಮುಳುಗುವ ಕಡೆ ಪಡುವಣ. ಪಾಠ ಪದದೊಳಗೇ ಇದೆ. ಅಂದಿನಿಂದ ನಾನು ಮೊದಲು ಮೂಡಲು, ಪಡುವಲು, ತೆಂಕಲು, ಬಡಗಲು ಎಂದೇ ಶುರುಮಾಡುತ್ತಿದ್ದೆ. ಯಾರ ಮನೆ ಬಡಗಲ ಕೇರಿಯಲ್ಲಿದೆ, ಯಾರ ತೋಟ ಕೆರೆಯಿಂದ ತೆಂಕಲಿಗೆ ಎಂದು ಕೇಳಿದರೆ ಇಡೀ ತರಗತಿ ಕೈ ಎತ್ತುತ್ತಿತ್ತು. ಪೂರ್ವ ಪಶ್ಚಿಮಗಳನ್ನು ಆಮೇಲೆ ಅದರ ಮೇಲೆ ಕೂರಿಸಲು ಎರಡು ದಿನ ಸಾಕು.

ಊರ ಹೆಸರುಗಳೂ ಹೀಗೇ. ನೀವು ಬಸ್ಸಿನ ಬೋರ್ಡಿನಲ್ಲಿ ನೋಡಿದ ಊರುಗಳ ಹೆಸರು ಬರೆದುಕೊಂಡು ಬನ್ನಿ ಎಂದು ನಾಲ್ಕನೇ ತರಗತಿಗೆ ಹೇಳಿದ್ದೆ. ತರೀಕೆರೆ, ಅರಸೀಕೆರೆ, ದಾವಣಗೆರೆ ಬಂದವು. ಕಟ್ಟೆಯಲ್ಲಿ ಮುಗಿಯುವವು, ಕುಂಟೆಯಲ್ಲಿ ಮುಗಿಯುವವು, ಹಳ್ಳದ ಹೆಸರಿನವು ಬಂದವು. ಒಬ್ಬಳು ತನ್ನ ಚಿಕ್ಕಪ್ಪ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕೆಲಸಕ್ಕಿದ್ದಾನೆ ಎಂದಳು. ಸಂದ್ರ ಅಂದರೆ ಸಮುದ್ರ ಎಂದೆ. ಬೆಂಗಳೂರಲ್ಲಿ ಸಮುದ್ರ ಇದೆಯಾ ಮಿಸ್ ಎಂದು ಎಲ್ಲರ ಕಣ್ಣೂ ಅರಳಿತು. ಕಟ್ಟಿಸಿದ ದೊಡ್ಡ ಕೆರೆಯನ್ನು ಹಿಂದಿನವರು ಸಮುದ್ರ ಎಂದೇ ಹೆಮ್ಮೆಯಿಂದ ಕರೆಯುತ್ತಿದ್ದರು, ಜನರ ಬಾಯಲ್ಲಿ ಸವೆದು ಅದು ಸಂದ್ರವಾಯಿತು ಎಂದು ಹೇಳಿದೆ. ಆ ಹೊತ್ತಿಗೆ ಕರಿಹಲಗೆಯ ತುಂಬ ನೀರಿನ ಹೆಸರುಗಳೇ ಇದ್ದವು. ಇಷ್ಟೊಂದು ಕೆರೆ ಯಾಕೆ ಕಟ್ಟಿದರು ಎಂದು ನಾನು ಕೇಳಬೇಕೆಂದುಕೊಂಡ ಪ್ರಶ್ನೆಯನ್ನು ಮಕ್ಕಳೇ ಕೇಳಿದರು.

ಆ ಪ್ರಶ್ನೆಗೆ ಉತ್ತರ ಪಡುವಣದಲ್ಲಿದೆ. ನಮ್ಮ ಶಾಲೆಯ ಜಗಲಿಯಲ್ಲಿ ನಿಂತರೆ ಬಾಬಾಬುಡನ್‌ಗಿರಿಯ ಸಾಲು ನೀಲಿಯಾಗಿ ಕಾಣುತ್ತದೆ. ಅದೇ ಸಾಲಿನಲ್ಲಿರುವ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಅದಕ್ಕಿಂತ ಎತ್ತರದ ಶಿಖರವಿಲ್ಲ. ಜೂನ್ ಬಂತೆಂದರೆ ಗಿರಿ ದಿನಗಟ್ಟಲೆ ಮೋಡದೊಳಗೆ ಮುಳುಗಿರುತ್ತದೆ, ನಮ್ಮಲ್ಲಿ ಮಣ್ಣು ಹಾರುತ್ತಿರುತ್ತದೆ. ಆಗುಂಬೆಯಿಂದ ನೇರ ಮೂಡಲಿಗೆ ಗೆರೆ ಎಳೆದರೆ ನೂರು ಕಿಲೋಮೀಟರಿಗೆ ಕಡೂರು ಸಿಗುತ್ತದೆ. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಇಲ್ಲಿ ಆರೇಳುನೂರು. ನಮ್ಮ ಜಿಲ್ಲೆಯೊಳಗೇ ಮಲೆನಾಡಿನ ತುದಿಯಲ್ಲಿ ಅಡಕೆ, ಕಾಫಿ, ನಮ್ಮ ತುದಿಯಲ್ಲಿ ರಾಗಿ, ತೆಂಗು, ಈರುಳ್ಳಿ.

ಇದನ್ನು ಮಳೆನೆರಳು ಎನ್ನುತ್ತಾರೆ. ಕನ್ನಡಕ್ಕೆ ಸಿಕ್ಕಿರುವ ಚೆಂದದ ಪದಗಳಲ್ಲಿ ಇದೂ ಒಂದು. ಮರದ ಈಚೆ ಬಿಸಿಲು ಬೀಳದೆ ನೆರಳಾಗುವ ಹಾಗೆ, ಬೆಟ್ಟದ ಈಚೆ ಮಳೆ ಬೀಳದೆ ನೆರಳಾಗುತ್ತದೆ. ನೆರಳು ಎಂದರೆ ಮಕ್ಕಳಿಗೆ ತಂಪು, ಆಟ, ಊಟ. ಇದು ಬೇರೆ ತರದ ನೆರಳು ಎಂದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಕಡಲಿನಿಂದ ಬಂದ ಒದ್ದೆ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟು ನೀರನ್ನು ಹೊರಲಾಗದು, ಅಲ್ಲೇ ಸುರಿಸಿಬಿಡುತ್ತದೆ, ಇಳಿಯುವಾಗ ಮತ್ತೆ ಬಿಸಿಯಾಗಿ ಒಣಗುತ್ತದೆ ಎಂದು ಹೇಳುತ್ತಿದ್ದೆ. ಬಿಸಿಯೂಟದ ಅಡುಗೆಮನೆಯಲ್ಲಿ ಅನ್ನದ ಹಂಡೆಯ ಮುಚ್ಚಳ ಎತ್ತಿ, ಅದರ ಒಳಮೈಯಿಂದ ತೊಟ್ಟಿಕ್ಕುವ ನೀರನ್ನು ತೋರಿಸಿದೆ. ಅಡುಗೆಯಮ್ಮ ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡು, "ಅಂದ್ರೆ ಮೋಡ ಆಕಡೆಯೇ ಹಿಂಡ್ಕೊಂಡು, ಒಣಗಿದ ಬಟ್ಟೆ ಆಗಿ ನಮ್ಮ ಕಡೆ ಬತ್ತದೆ ಅನ್ನಿ" ಎಂದರು. ಮುಂದಿನ ವರ್ಷದಿಂದ ನಾನು ಪಾಠವನ್ನು ಅವರ ಮಾತಿನಿಂದಲೇ ಶುರುಮಾಡಿದೆ.

ಮಿಲಿಮೀಟರ್ ಎಂದೆನಲ್ಲ, ಆ ಪದವೂ ಮಕ್ಕಳಿಗೆ ತೊಡಕು. ರೇಡಿಯೋದಲ್ಲಿ ಹತ್ತು ಮಿಲಿಮೀಟರ್ ಮಳೆಯಾಗಿದೆ ಎನ್ನುತ್ತಾರೆ. ಹತ್ತು ಮಿಲಿಮೀಟರ್ ಅಂದರೆ ಸ್ಕೇಲಿನಲ್ಲಿ ಒಂದು ಬೆರಳಗಲವೂ ಇಲ್ಲ. ಅಷ್ಟು ಮಳೆ ಹೆಚ್ಚೋ ಕಡಿಮೆಯೋ? ನಮ್ಮ ರೈತರ ಅಳತೆ ಬೇರೆ. ಉಕ್ಕೆ ಹೊಡೆಯುವಷ್ಟು ಬಿತ್ತು, ಬಿತ್ತನೆ ಹದ ಆಯಿತು, ಒಂದು ಗೇಣು ನೆನೆಯಿತು ಎನ್ನುತ್ತಾರೆ. ಈ ಎರಡು ಭಾಷೆಗಳಿಗೆ ನಂಟು ಕಟ್ಟಲು ನಾವು ಶಾಲೆಯ ಅಂಗಳದಲ್ಲಿ ಒಂದು ಗುಂಟೆ ಅಳೆದೆವು. ಹಗ್ಗ ಹಿಡಿದು 33 ಅಡಿ ಉದ್ದ, 33 ಅಡಿ ಅಗಲ. ಮೂಲೆಗೊಂದು ಕಲ್ಲು. ಇಂಥವು ನಲವತ್ತು ಸೇರಿದರೆ ಒಂದು ಎಕರೆ. ಮನೆಯಲ್ಲಿ ದಿನಾ ಕೇಳುವ ಗುಂಟೆ ಎಂಬುದು ಇಷ್ಟು ಎಂದು ಮಕ್ಕಳು ಅದರೊಳಗೆ ಓಡಾಡಿ ನೋಡಿದರು. ನೆಟ್ಟಗಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ ಮಳೆಮಾಪಕ ಮಾಡಿದೆವು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗುಂಟೆಗೆ ನೂರೊಂದು ಚದರ ಮೀಟರ್. ಅಂದರೆ ಹತ್ತು ಮಿಲಿಮೀಟರ್ ಮಳೆ ಒಂದು ಗುಂಟೆಗೆ ಸಾವಿರ ಲೀಟರ್ ನೀರು ಸುರಿದಿದೆ. ಶಾಲೆಯ ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕು ಸರಿಯಾಗಿ ಸಾವಿರ ಲೀಟರಿನದು. ಒಬ್ಬ ಹುಡುಗ ಟ್ಯಾಂಕನ್ನೂ ಗುಂಟೆಯನ್ನೂ ಬಾರಿ ಬಾರಿ ನೋಡಿ, "ಹಂಗಾರೆ ನಮ್ಮ ಎರಡೆಕ್ರೆಗೆ ಎಂಬತ್ತು ಟ್ಯಾಂಕು ಬಿತ್ತಾ ಮಿಸ್?" ಎಂದು ಕೇಳಿದ. ಹೌದು, ಎಂಬತ್ತು. ಅವನು ಆ ಸಂಜೆ ಅದನ್ನು ಅಪ್ಪನಿಗೆ ಹೇಳಲು ಓಡಿದ ವೇಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇಷ್ಟಾದರೂ ಕಾಗದದ ಮೇಲಿನ ನಕಾಶೆ ಮಕ್ಕಳಿಗೆ ಸುಲಭವಾಗಿ ಬರುವುದಿಲ್ಲ. ಭೂಗೋಳ ಕಲಿಸುವುದರಲ್ಲಿ ಅತಿ ಕಷ್ಟದ ಮೆಟ್ಟಿಲು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಕಣ್ಣೆದುರಿನ ಊರನ್ನು ಮೇಲಿಂದ ನೋಡಿದ ಹಾಗೆ ಮನಸ್ಸಿನಲ್ಲಿ ಮಲಗಿಸುವುದು. ಶಾಲೆಯ ಚಿತ್ರ ಬರಿ ಎಂದರೆ ಮಗು ಬಾಗಿಲು, ಕಿಟಕಿ, ಹೆಂಚಿನ ಸೂರು, ಮೇಲೊಂದು ಬಾವುಟ ಬರೆಯುತ್ತದೆ. ರಸ್ತೆ ಬರೆದು ಎರಡೂ ಕಡೆ ಮರ ಬರಿ ಎಂದರೆ, ಒಂದು ಕಡೆಯ ಮರಗಳು ಬಲಕ್ಕೆ ಮಲಗುತ್ತವೆ, ಇನ್ನೊಂದು ಕಡೆಯವು ಎಡಕ್ಕೆ ಮಲಗುತ್ತವೆ. ಅದು ತಪ್ಪಲ್ಲ, ಅದು ಆ ವಯಸ್ಸಿನ ಕಣ್ಣು. ರಸ್ತೆಯ ನಡುವೆ ನಿಂತು ಬಲಕ್ಕೂ ಎಡಕ್ಕೂ ತಿರುಗಿ ನೋಡಿದವರ ನೋಟ ಹಾಗೇ ಇರುತ್ತದೆ.

ಮೊದಲು ಲೋಟದಿಂದ ಶುರುಮಾಡುತ್ತಿದ್ದೆ. ಲೋಟವನ್ನು ಸ್ಲೇಟಿನ ಮೇಲಿಟ್ಟು ಸುತ್ತ ಗೆರೆ ಎಳೆ. ಲೋಟ ಎತ್ತಿಬಿಡು. ಏನು ಉಳಿಯಿತು? ಸೊನ್ನೆ. ಊಟದ ಡಬ್ಬಿ, ಡಸ್ಟರು, ಜಾಮಿಟ್ರಿ ಬಾಕ್ಸು ಎಲ್ಲದರ ಗುರುತನ್ನೂ ಹೀಗೆ ತೆಗೆದು, ಯಾವುದು ಯಾವುದರ ಗುರುತು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರನ್ನೂ ಕೆರೆ ಏರಿಯ ಮೇಲೆ ಕರೆದೊಯ್ದು ಊರನ್ನು ನೋಡಿಸುತ್ತಿದ್ದೆ. ಇಲ್ಲಿ ತೂಬು, ಅಲ್ಲಿ ಕೋಡಿ, ಕೆಳಗೆ ಅಚ್ಚುಕಟ್ಟು. ಇಷ್ಟರವರೆಗೆ ಬರುತ್ತಿದ್ದರು. ಇಷ್ಟು ದೊಡ್ಡ ಊರು ಇಷ್ಟು ಚಿಕ್ಕ ಹಾಳೆಗೆ ಹೇಗೆ ಬಂತು ಎಂಬಲ್ಲಿ ನಿಂತುಬಿಡುತ್ತಿದ್ದರು. ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಎಂದು ಪುಸ್ತಕದಲ್ಲಿದ್ದುದನ್ನು ಓದಿಸುತ್ತಿದ್ದೆ. ಓದುತ್ತಿದ್ದರು, ಲೆಕ್ಕವನ್ನೂ ಮಾಡುತ್ತಿದ್ದರು. ಒಳಗೆ ಇಳಿದಿರಲಿಲ್ಲ.

ಅದನ್ನು ಇಳಿಸಿದವಳು ಐದನೇ ತರಗತಿಯ ಒಬ್ಬ ಹುಡುಗಿ. ಮಾತು ಕಡಿಮೆ, ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಪಟ್ಟಿಯ ಹಿಂದಿನ ಹಾಳೆಗಳಲ್ಲೆಲ್ಲ ರಂಗೋಲಿ ಇರುತ್ತಿತ್ತು. ಅಂದು ನಾನು ಅಳತೆಯ ಪಾಠ ಮಾಡುವಾಗ ಅವಳು ಚುಕ್ಕಿ ಇಡುತ್ತಿದ್ದುದು ಕಂಡಿತು. ಹತ್ತಿರ ಹೋಗಿ ನೋಡಿದೆ. ಹನ್ನೊಂದರಿಂದ ಆರಕ್ಕೆ, ಸಂದು ಚುಕ್ಕಿಯ ರಂಗೋಲಿ. ಚುಕ್ಕಿಗೂ ಚುಕ್ಕಿಗೂ ಅರ್ಧ ಅಂಗುಲ. ನಾಳೆ ಬಾಗಿಲ ಮುಂದೆ ಇದನ್ನೇ ಹಾಕುತ್ತೀಯಾ ಎಂದೆ. ಹೂಂ ಎಂದಳು. ಇಷ್ಟೇ ಚಿಕ್ಕದೋ? ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. "ಇಲ್ಲ ಮಿಸ್, ಅಲ್ಲಿ ಚುಕ್ಕಿ ನಡುವೆ ನಾಕು ಬೆಳ್ಳು ಬಿಡ್ತೀನಿ. ಚುಕ್ಕಿ ಅಷ್ಟೇ, ಎಳೆ ಅಷ್ಟೇ, ರಂಗೋಲಿ ದೊಡ್ಡದಾಯ್ತದೆ." ನಾಲ್ಕು ಬೆರಳು ಎಂದರೆ ಮೂರು ಅಂಗುಲ. ಅರ್ಧ ಅಂಗುಲಕ್ಕೆ ಮೂರು ಅಂಗುಲ. ಒಂದಕ್ಕೆ ಆರು.

ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಈ ಹುಡುಗಿ ಪ್ರತಿ ಬೆಳಿಗ್ಗೆ ಒಂದಕ್ಕೆ ಆರರ ಪ್ರಮಾಣದಲ್ಲಿ ನಕಾಶೆಯನ್ನು ಹಿಗ್ಗಿಸುತ್ತಿದ್ದಳು. ಹಬ್ಬದ ದಿನ ಚುಕ್ಕಿ ನಡುವೆ ಒಂದು ಗೇಣು ಬಿಡುತ್ತಾಳಂತೆ. ಅಂದರೆ ಒಂದಕ್ಕೆ ಹದಿನೆಂಟು. ಅವಳ ಅಮ್ಮ, ಅಜ್ಜಿ, ಕೇರಿಯ ಹೆಂಗಸರು ಎಲ್ಲರೂ ಮಾಡುವುದು ಇದೇ. ಇದು ಭೂಗೋಳ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮರುದಿನ ಅವಳನ್ನೇ ಮುಂದೆ ನಿಲ್ಲಿಸಿ ಪಾಠ ಮಾಡಿಸಿದೆ. ಪಟ್ಟಿಯಲ್ಲಿ ಚುಕ್ಕಿ, ನೆಲದ ಮೇಲೆ ಚುಕ್ಕಿ. ಗಂಡುಹುಡುಗರು ಮೊದಲು ರಂಗೋಲಿ ನಮಗ್ಯಾಕೆ ಎಂದರು, ಆಮೇಲೆ ಸಾಲುಗಟ್ಟಿ ಕೂತರು. ಹೆಜ್ಜೆ ಎಣಿಸಿ ಶಾಲೆಯ ಅಂಗಳ ಅಳೆದು ಬಂದರು. ಹತ್ತು ಹೆಜ್ಜೆಗೆ ಒಂದು ಚುಕ್ಕಿ. ಬಾವಿ ಮೂರನೇ ಚುಕ್ಕಿಯಲ್ಲಿ, ಅಡುಗೆಮನೆ ಏಳನೆಯದರಲ್ಲಿ. ಮೊದಲ ಸಲ ಆ ತರಗತಿಯ ಎಲ್ಲ ಮಕ್ಕಳೂ ಗೇಟು ಎಲ್ಲಿದೆಯೋ ಅಲ್ಲೇ ಗೇಟು ಬರೆದರು.

ಶಾಲೆಯ ಗೋಡೆಯ ನಕಾಶೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಗೋಡೆಗೆ ನೇತುಹಾಕಿದ ನಕಾಶೆಯಲ್ಲಿ ಉತ್ತರ ಮೇಲಿರುತ್ತದೆ. ಅದರಿಂದ ಮಕ್ಕಳಿಗೆ ಉತ್ತರ ಎಂದರೆ ಎತ್ತರ, ದಕ್ಷಿಣ ಎಂದರೆ ತಗ್ಗು ಎಂಬ ಭಾವನೆ ಬೇರೂರುತ್ತದೆ. ಭದ್ರಾ ನದಿ ಕೆಳಗಿನಿಂದ ಮೇಲಕ್ಕೆ ಹೇಗೆ ಹರಿಯುತ್ತದೆ ಎಂದು ಒಬ್ಬಳು ಕೇಳಿದ್ದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ನಕಾಶೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿದೆ, ಬಡಗಲನ್ನು ಬಡಗಲಿಗೆ ತಿರುಗಿಸಿದೆ. ಅಂದಿನಿಂದ ನಮ್ಮ ತರಗತಿಯಲ್ಲಿ ನಕಾಶೆಯನ್ನು ನೆಲದ ಮೇಲೆಯೇ ಓದುತ್ತಿದ್ದೆವು. ನಾಲ್ಕು ಸುತ್ತ ಮಕ್ಕಳು ಮೊಣಕಾಲೂರಿ ಕೂತು, ಬೆರಳಿಟ್ಟು ನದಿಯ ಜೊತೆ ಹೋಗುವುದು. ಗಿರಿ ಇರುವ ಕಡೆಗೇ ನಕಾಶೆಯ ಗಿರಿಯೂ ಇರುತ್ತಿತ್ತು. ಪ್ರಾಥಮಿಕ ಶಾಲೆಗೆ ಗೋಡೆ ನಕಾಶೆಗಿಂತ ನೆಲದ ನಕಾಶೆಯೇ ಸರಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ನಕಾಶೆ ಹಳೆಯದು. ಅದರಲ್ಲಿ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. 1956ರಲ್ಲಿ ನಾಡು ಒಂದಾದಾಗ ಇದ್ದ ಜಿಲ್ಲೆಗಳು ಹತ್ತೊಂಬತ್ತು. 1997ರಲ್ಲಿ ಒಮ್ಮೆಗೇ ಏಳು ಹೊಸವು ಹುಟ್ಟಿದವು, ನಡುನಡುವೆ ಇನ್ನೂ ಕೆಲವು ಸೇರಿದವು, 2021ರಲ್ಲಿ ವಿಜಯನಗರ ಸೇರಿ ಮೂವತ್ತೊಂದಾಯಿತು. ಹೊಸ ನಕಾಶೆ ಬಂದರೂ ನಾನು ಹಳೆಯದನ್ನು ಎಸೆಯಲಿಲ್ಲ. ಎರಡನ್ನೂ ಪಕ್ಕಪಕ್ಕ ಹಾಸಿ, ಏನೇನು ಬದಲಾಗಿದೆ ಹುಡುಕಿ ಎನ್ನುತ್ತಿದ್ದೆ. ಗೆರೆಗಳು ಬದಲಾಗಿವೆ, ನದಿಗಳು ಅಲ್ಲೇ ಇವೆ ಎಂದು ಮಕ್ಕಳೇ ಕಂಡುಕೊಂಡರು. ಜನ ಹಾಕಿದ ಗೆರೆ ಯಾವುದು, ನೀರು ಹಾಕಿದ ಗೆರೆ ಯಾವುದು ಎಂದು ಬೇರೆ ಮಾಡಿ ತೋರಿಸುವುದು ಅವರಿಗೆ ಆಟವಾಯಿತು.

ನೀರಿನ ಗೆರೆ ಎಂದಾಗ ಕಾಗದದ ದೋಣಿಯ ಪಾಠ ನೆನಪಿಗೆ ಬರುತ್ತದೆ. ಮಳೆಗಾಲದ ಒಂದು ದಿನ ಸೂರಿನ ಕೆಳಗಿನ ಕಾಲುವೆಯಲ್ಲಿ ಮಕ್ಕಳು ದೋಣಿ ಬಿಡುತ್ತಿದ್ದರು. ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮೋರಿಗೆ. ಅಲ್ಲಿಂದ? ಹಳ್ಳಕ್ಕೆ. ಅಲ್ಲಿಂದ? ವೇದಾವತಿಗೆ. ಅಲ್ಲಿಂದ ಮುಂದಕ್ಕೆ ಗೊತ್ತಿರಲಿಲ್ಲ. ಒಳಗೆ ಹೋಗಿ ನಕಾಶೆ ಹಾಸಿ ದೋಣಿಯ ಜೊತೆ ಬೆರಳು ಓಡಿಸಿದೆವು. ಅಯ್ಯನಕೆರೆಯ ಕಡೆಯಿಂದ ಬರುವ ವೇದಾ, ಮದಗದ ಕೆರೆಯ ಕಡೆಯಿಂದ ಬರುವ ಅವತಿ ಸೇರಿ ವೇದಾವತಿ. ಅದು ಮೂಡಲಿಗೆ ಹೋಗಿ ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಮಾರಿಕಣಿವೆಯಲ್ಲಿ ನಿಲ್ಲುತ್ತದೆ. ವಾಣಿ ವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿಸಿದ್ದು. ದೋಣಿ ಅಲ್ಲಿ ಕಾಯಬೇಕು. ಎಷ್ಟು ದಿನ? 1933ರಲ್ಲಿ ಕೋಡಿ ಬಿದ್ದ ಮೇಲೆ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಅಷ್ಟು ವರ್ಷ ಕಾದು ಕೋಡಿ ದಾಟಿದ ದೋಣಿ ಹಗರಿ ಎಂಬ ಹೆಸರು ಹೊತ್ತು ಬಳ್ಳಾರಿ ಸೀಮೆ ದಾಟಿ ತುಂಗಭದ್ರೆಯನ್ನು, ಅಲ್ಲಿಂದ ಕೃಷ್ಣೆಯನ್ನು ಸೇರಿ, ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಗಿರಿಯ ಆಕಡೆ ಸುರಿದ ನೀರು ಭದ್ರೆಯಾಗಿ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ ಬರುತ್ತದಲ್ಲ, ಅದೂ ನಮ್ಮ ದೋಣಿಗೆ ದಾರಿಯಲ್ಲಿ ಸಿಗುತ್ತದೆ. ನಮಗೆ ಸಿಗದ ಮಳೆ ನಮ್ಮ ಮಳೆಯನ್ನು ಅಷ್ಟು ದೂರ ಹೋಗಿ ಸೇರುತ್ತದೆ ಎಂದಾಗ ಮಕ್ಕಳಿಗೆ ಬಹಳ ಸಂತೋಷವಾಯಿತು.

ಸಮುದ್ರವನ್ನು ಆ ತರಗತಿಯಲ್ಲಿ ನೋಡಿದ್ದವನು ಒಬ್ಬನೇ. ಅವನ ಅಪ್ಪ ಲಾರಿ ಡ್ರೈವರು, ರಜೆಯಲ್ಲಿ ಮಂಗಳೂರಿಗೆ ಜೊತೆಗೆ ಕರೆದೊಯ್ದಿದ್ದ. ಲೆಕ್ಕದಲ್ಲಿ ಹಿಂದೆ ಬೀಳುತ್ತಿದ್ದ ಹುಡುಗ. ಘಾಟಿ ಇಳಿಯುವಾಗ ಕಿವಿ ಗುಂಯ್ ಎನ್ನುತ್ತದೆ, ಉಗುಳು ನುಂಗಿದರೆ ಸರಿಹೋಗುತ್ತದೆ, ಕೆಳಗಿಳಿದ ಮೇಲೆ ಗಾಳಿ ಅಂಟಂಟಾಗುತ್ತದೆ ಎಂದು ಅವನು ಹೇಳುತ್ತಿದ್ದರೆ ನಾನೂ ಬೆಂಚಿನ ಮೇಲೆ ಕೂತು ಕೇಳಿದೆ. ಎತ್ತರ ಇಳಿದಂತೆ ಗಾಳಿಯ ಒತ್ತಡ ಹೆಚ್ಚುವುದನ್ನು ಅವನ ಕಿವಿ ಮೊದಲೇ ಅರಿತಿತ್ತು. ಆ ವಾರ ಬೀರೂರು ಸ್ಟೇಷನ್ನಿಗೆ ಹೋದವರು ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುವುದನ್ನು ನೋಡಿ ಬರಬೇಕೆಂದು ಹೇಳಿದೆ. ಕಂಡರಿಯದ ಸಮುದ್ರದಿಂದ ನಮ್ಮನ್ನು ಯಾಕೆ ಅಳೆಯುತ್ತಾರೆ ಎಂಬ ಪ್ರಶ್ನೆಯೂ ಅದರ ಜೊತೆ ಬಂತು.

ಬಾವುಟದ ಕಂಬದ ನೆರಳಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಪ್ರತಿ ಸೋಮವಾರ ಮಧ್ಯಾಹ್ನ ಆ ನೆರಳಿನ ತುದಿಗೆ ಒಂದು ಕಲ್ಲಿಡುವುದು ನಮ್ಮ ಕ್ರಮವಾಗಿತ್ತು. ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹತ್ತಿರ ಎಂದು ಮಕ್ಕಳು ಮೊದಲ ತಿಂಗಳಲ್ಲೇ ಕಂಡುಹಿಡಿದರು. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82½ ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಾವಿರುವುದು 76ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ತಲೆಯ ಮೇಲೆ ಬರಲು ಇಪ್ಪತ್ತಾರು ನಿಮಿಷ ತಡ. ಜೂನ್, ಜುಲೈ ತಿಂಗಳ ಮಧ್ಯಾಹ್ನ ನೆರಳು ತೆಂಕಲಿಗೆ ಬೀಳುತ್ತದೆ ಎಂಬುದು ಇನ್ನೂ ದೊಡ್ಡ ಬೆರಗು. ಸೂರ್ಯ ಆಗ ನಮ್ಮಿಂದ ಬಡಗಲಿಗೆ ಹೋಗಿರುತ್ತಾನೆ. ಅವನು ಏಪ್ರಿಲ್ 21ರ ಸುಮಾರಿಗೆ ಗುಂಡ್ಲುಪೇಟೆಯ ನೆತ್ತಿ ದಾಟಿ, ನಮ್ಮನ್ನು ದಾಟಿ, ಮೇ ಎರಡನೇ ವಾರಕ್ಕೆ ಬೀದರಿನ ನೆತ್ತಿಗೆ ಬರುತ್ತಾನೆ. ಹಿಂದಿರುಗುವಾಗ ಸ್ವಾತಂತ್ರ್ಯ ದಿನ ಕಳೆದು ಒಂದೆರಡು ದಿನಕ್ಕೆ ಮತ್ತೆ ನಮ್ಮ ಮೇಲೆ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡ. ಒಂದೇ ಒಂದು ವರ್ಷ ಆ ಹೊತ್ತಿಗೆ ಸರಿಯಾಗಿ ಮೋಡ ಸರಿಯಿತು. ಅನ್ನದ ತಟ್ಟೆ ಕೈಯಲ್ಲಿ ಹಿಡಿದಿದ್ದ ಮಕ್ಕಳೆಲ್ಲ ಓಡಿಬಂದು ಕಂಬದ ಸುತ್ತ ನಿಂತರು. ನೆರಳು ಕಂಬದ ಬುಡದೊಳಗೆ ಹೋಗಿ ಅಡಗಿತ್ತು. ತಮ್ಮ ತಮ್ಮ ಕಾಲ ಕೆಳಗೆ ನೋಡಿಕೊಂಡು, "ನನ್ ನೆಳ್ಳು ಎಲ್ಲಿ ಮಿಸ್?" ಎಂದು ಕೇಳಿದರು.

ಹೆಸರುಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ನಾನು ವಿರೋಧಿಯಲ್ಲ. ಮಕ್ಕಳಿಗೆ ನದಿಗಳ ಹೆಸರನ್ನು ರಾಗವಾಗಿ ಒಪ್ಪಿಸುವುದೆಂದರೆ ಇಷ್ಟ, ನೆನಪಿನ ಶಕ್ತಿ ಆ ವಯಸ್ಸಿನಲ್ಲಿ ಉಕ್ಕುತ್ತಿರುತ್ತದೆ, ಅದನ್ನು ಬಳಸದಿರುವುದು ನಷ್ಟ. ಆದರೆ ಕೃಷ್ಣಾ ಎಂಬ ಹೆಸರು ದೋಣಿಯ ಬೆನ್ನು ಹತ್ತಿ ಬಂದಾಗ ಉಳಿಯುವ ಹಾಗೆ ಬರಿಯ ಪಟ್ಟಿಯಿಂದ ಬಂದಾಗ ಉಳಿಯುವುದಿಲ್ಲ. ಮೂವತ್ತರ ದಶಕದಲ್ಲೇ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟದ ಬಾಲಪ್ರಪಂಚ ಬರೆದರು. ಪುತ್ತೂರಿನಲ್ಲಿ ಕೂತು ಕನ್ನಡದ ಮಗುವಿಗೆ ಇಡೀ ಲೋಕವನ್ನು ತೋರಿಸಬೇಕೆಂದು ಅಷ್ಟು ಶ್ರಮಪಟ್ಟವರಿದ್ದ ನಾಡು ನಮ್ಮದು. ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಒಂದು ಗೋಳ ಬೀರುವಿನ ಹೊರಗೆ, ಮಕ್ಕಳ ಕೈಗೆ ಸಿಗುವಲ್ಲಿ ಇರಬೇಕು. ತಿರುಗಿಸಿ ತಿರುಗಿಸಿ ಅದರ ಬಣ್ಣ ಹೋದರೆ ಹೋಗಲಿ.

ನಾನು ನಿವೃತ್ತಳಾಗುವ ವರ್ಷ ಐದನೇ ತರಗತಿಯ ಮಕ್ಕಳು ಇಡೀ ಊರಿನ ನಕಾಶೆಯನ್ನು ಪ್ರಾರ್ಥನೆಯ ಅಂಗಳದಲ್ಲಿ ರಂಗೋಲಿಯಲ್ಲಿ ಹಾಕಿದರು. ಐವತ್ತು ಹೆಜ್ಜೆಗೆ ಒಂದು ಗೇಣು. ಕೆರೆಗೆ ನೀಲಿ, ತೋಟಕ್ಕೆ ಹಸಿರು, ಮನೆಗಳಿಗೆ ಇಟ್ಟಿಗೆ ಪುಡಿ. ಹಳ್ಳ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಬೆಳಗಿನಿಂದ ವಾದ ನಡೆದು, ಕೊನೆಗೆ ಹೆಚ್ಚು ಜನ ಹೇಳಿದ ಕಡೆಗೆ ಬಾಣ ಹಾಕಿದ್ದರು. ಊರವರೆಲ್ಲ ಬಂದು ನೋಡಿದರು. ಒಬ್ಬ ಅಜ್ಜಿ ತನ್ನ ಮನೆಯನ್ನು ಹುಡುಕಿ, ಬಾಗಿಲಿರಬೇಕಾದ ಕಡೆ ಒಂದು ಚಿಟಿಕೆ ಅರಿಶಿನ ಇಟ್ಟು ಹೋದರು. ಮೂರು ಗಂಟೆಯ ಹೊತ್ತಿಗೆ ಚಿತ್ತೆ ಮಳೆ ಬಂತು. ಎಲ್ಲರೂ ಜಗಲಿಗೆ ಓಡಿದರು, ಅಯ್ಯೋ ಅಯ್ಯೋ ಎಂದರು. ಲಾರಿ ಡ್ರೈವರನ ಮಗನ ತಮ್ಮ ಮಾತ್ರ ಕಂಬಕ್ಕೆ ಆತುಕೊಂಡು ನೋಡುತ್ತಾ ನಿಂತಿದ್ದ. ನೀಲಿ, ಹಸಿರು, ಕೆಂಪು ಒಂದಕ್ಕೊಂದು ಬೆರೆತು ಸಣ್ಣ ಗೆರೆಯಾಗಿ ಅಂಗಳದಲ್ಲಿ ಹರಿಯುತ್ತಿದ್ದವು, ಗೇಟಿನ ಮೂಲೆಯ ಕಡೆಗೆ.

"ಮಿಸ್, ನೋಡ್ರಿ," ಎಂದ, "ಇಳಿಜಾರು ಮೂಡ್ಲು ಕಡೆಗೇ ಐತೆ. ಬಾಣ ಉಲ್ಟಾ ಹಾಕಿದ್ವಿ."